ಕಾಲು ಮೇಲಾಗಿ ನಿಂತ ಮೊಳೆ

"ಅರ್ಧ ಪುಟ, ಅಷ್ಟೇನಾ?" ಅಚ್ಚಿನ ಮನೆಯ ಮುದುಕ ಕೆಲಸಗಾರ ಸ್ಟಬ್ಸ್ ಕಾಗದವನ್ನು ಮಗುಚಿ ನೋಡಿದ. ಹಿಂಬದಿ ಖಾಲಿ. "ಏನ್ ಸ್ವಾಮಿ, ಹೋದ ತಿಂಗಳು ಮೂರು ಪುಟ ಹೊತ್ಕೊಂಡು ಬಂದಿದ್ರಿ. ಲಂಡನ್ನಿನ ನಟರೆಲ್ಲ ಒಟ್ಟಿಗೇ ಸತ್ತೋದ್ರಾ?"

"ಸತ್ತಿದ್ರೆ ಇನ್ನೂ ನಾಲ್ಕು ಪುಟ ಬರೀಬಹುದಿತ್ತು," ಎಂದ ಲ್ಯಾಂಬೋರ್ನ್, ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಳ್ಳುತ್ತ. "ನಾಟಕಶಾಲೆಗಳಿಗೆ ಬೀಗ ಬಿತ್ತು. ಇನ್ನು ಸೆಪ್ಟೆಂಬರಿಗೇ."

ಕಿಟಕಿಯ ಹತ್ತಿರ ಸೀಸದ ಅಚ್ಚುಮೊಳೆಗಳನ್ನು ಜೋಡಿಸುತ್ತಿದ್ದ ಟ್ಯಾಬಿತಾಳ ಕೈ ಅಕ್ಷರದ ಖಾನೆಗಳ ಮೇಲೆ ನಿಂತಿತು. ಜೂನ್ ಬಂದಿರುವುದು ಅವಳಿಗೆ ಗೊತ್ತಿತ್ತು. ಜೂನಿನಲ್ಲಿ ನಾಟಕಗಳು ನಿಲ್ಲುತ್ತವೆ ಎನ್ನುವುದೂ ಗೊತ್ತಿತ್ತು. ಎರಡನ್ನೂ ಸೇರಿಸಿ ನೋಡಿರಲಿಲ್ಲ.

ಕ್ವಿಲ್ಟರ್ ಮಾಸಿಕದಲ್ಲಿ ಮೊದಲು ಪದ್ಯಗಳು, ಆಮೇಲೆ ನಾಟಕದ ಸುದ್ದಿ, ಒಗಟು, ಹಿಂದಿನ ಹೊದಿಕೆಯ ಮೇಲೆ ಬರೆದು ಕಳಿಸಿದವರಿಗೆ ಉತ್ತರ. ಪದ್ಯ ಕಳಿಸುವವರು ಸ್ವಂತ ಹೆಸರು ಹಾಕುತ್ತಿರಲಿಲ್ಲ. ಡೇಮನ್, ಕ್ಲೋರಿಸ್, 'ಕೆಂಟಿನ ಒಬ್ಬ ರೈತ' ಎಂದೆಲ್ಲ ಸಹಿ ಮಾಡಿ, ಆಮೇಲೆ ತಿಂಗಳು ತಿಂಗಳು ಹೊದಿಕೆಯಲ್ಲಿ ಆ ಗುಟ್ಟಿನ ಹೆಸರನ್ನು ಹುಡುಕುತ್ತಿದ್ದರು. 'ಕ್ಲೋರಿಸ್ ಅವರ ಪದ್ಯ ತಲುಪಿದೆ.' 'ಕೆಂಟಿನ ರೈತರು ಪ್ರಾಸ ಕಲಿತು ಬರೆಯಲಿ.' ಮೊದಲು ಈ ಉತ್ತರಗಳನ್ನು ಟ್ಯಾಬಿತಾಳ ಗಂಡ ಜೋಯೆಲ್ ಕ್ವಿಲ್ಟರ್ ಬರೆಯುತ್ತಿದ್ದ. ಜನವರಿಯ ಕೊನೆಯಲ್ಲಿ ಅವನು ಮೂರು ದಿನದ ಜ್ವರದಲ್ಲಿ ಹೋದ. ಅಚ್ಚಿನ ಮನೆ, ಮಾಸಿಕ, ಉತ್ತರಗಳು, ಎಲ್ಲವೂ ಅವಳ ಪಾಲಿಗೆ ಬಂದವು. ಫೆಬ್ರವರಿಯಿಂದ ಅವಳು ಒಂದು ಸಾಲನ್ನು ಮಾತ್ರ ಬದಲಾಯಿಸಿರಲಿಲ್ಲ: 'ಡೇಮನ್ ಅವರ ಪದ್ಯ ಮುಂದಿನ ಸಂಚಿಕೆಯಲ್ಲಿ.'

ಡೇಮನ್‌ನ ಪದ್ಯ ಕಲ್ಲಿನ ಮೇಜಿನ ಮೂಲೆಯಲ್ಲಿ, ಒಂದು ರದ್ದಿ ಹಾಳೆಯ ಕೆಳಗೆ ಇತ್ತು. ಜೋಯೆಲ್ ಕೊನೆಯದಾಗಿ ಜೋಡಿಸಿದ ಪುಟ. ನಾಲ್ಕು ಸುತ್ತು ದಾರ ಸುತ್ತಿ, ತುದಿಯನ್ನು ಮೂಲೆಯಲ್ಲಿ ಸಿಕ್ಕಿಸಿದ್ದ. ಅಚ್ಚಾದ ಪುಟವನ್ನು ಯಾರೂ ಹಾಗೇ ಇಟ್ಟುಕೊಳ್ಳುವುದಿಲ್ಲ. ಮೊಳೆಗಳನ್ನು ಬಿಚ್ಚಿ, ಒಂದೊಂದನ್ನೂ ಅದರದರ ಖಾನೆಗೆ ಹಾಕಿ, ಅವುಗಳಿಂದಲೇ ಮುಂದಿನದನ್ನು ಜೋಡಿಸಬೇಕು. ಅಚ್ಚಾಗದ ಪುಟವನ್ನು ಬಿಚ್ಚಬೇಕಾಗಿಲ್ಲ. ಪ್ರತಿ ತಿಂಗಳೂ ನಾಟಕದ ಸುದ್ದಿ ಉದ್ದವಾಗಿ ಬರುತ್ತಿತ್ತು, ಪದ್ಯಕ್ಕೆ ಜಾಗವಿಲ್ಲ ಎನ್ನುತ್ತಿದ್ದಳು. ವಾರಕ್ಕೊಮ್ಮೆ ಹಾಳೆ ಎತ್ತಿ ಧೂಳು ಊದುತ್ತಿದ್ದಳು.

"ಒಂದು ಪುಟ ಖಾಲಿ ಉಳಿಯತ್ತೆ ಅಮ್ಮಾವ್ರೇ," ಎಂದ ಸ್ಟಬ್ಸ್. "ಆ ಪದ್ಯ ಕಟ್ಟಿಟ್ಟೇ ಇದೆ. ಎತ್ತಿಟ್ರೆ ಆಯ್ತು."

"ಒಗಟು ಹಾಕಿ."

"ಒಗಟೇ ಎರಡು ಪುಟ ಆಗಿದೆ. ಇನ್ನೂ ಹಾಕಿದ್ರೆ ಓದೋರು ತಲೆ ಚಚ್ಕೋತಾರೆ."

"ಯಾರದಾದ್ರೂ ಕಾಗದ ಇರತ್ತೆ. ನಾನೇ ಜೋಡಿಸ್ತೀನಿ."

"ಯಾವುದರಲ್ಲಿ ಜೋಡಿಸ್ತೀರಾ? ಅರ್ಧ ಮೊಳೆ ಅಲ್ಲಿ ಮಲಗಿವೆ. ನೀವು ಎರವಲು ಕೇಳಿ ಕೇಳಿ, ಪಕ್ಕದ ಅಂಗಡಿಯೋನು ನಿಮ್ಮ ನೆರಳು ಕಂಡ್ರೆ ಬಾಗಿಲು ಹಾಕ್ಕೋತಾನೆ." ಸ್ಟಬ್ಸ್ ಲ್ಯಾಂಬೋರ್ನನ ಕಡೆ ತಿರುಗಿದ. "ನೀವೇ ಹೇಳಿ ಸ್ವಾಮಿ. ಒಂದು ಅಕ್ಷರ ಮುಗೀತು ಅಂದ್ರೆ ಏನ್ಮಾಡ್ತಾರೆ? ಅಷ್ಟೇ ದಪ್ಪದ ಇನ್ನೊಂದನ್ನ ಕಾಲು ಮೇಲೆ ಮಾಡಿ ನಿಲ್ಲಿಸಿ ಮುಂದಕ್ಕೆ ಹೋಗ್ತಾರೆ. ಕರಡು ತೆಗೆದಾಗ ಅಲ್ಲಿ ಎರಡು ಕಪ್ಪು ಗುರುತು ಬೀಳತ್ತೆ, ಗುಬ್ಬಿ ಕಾಲಿನ ಹಂಗೆ. ಆಮೇಲೆ ಸರಿಯಾದ್ದು ಸಿಕ್ಕಾಗ ಹಾಕೋದು. ಇಡೀ ಊರು ಹಂಗೇ ಮಾಡತ್ತೆ. ನಮ್ಮ ಅಮ್ಮಾವ್ರು ಮಾತ್ರ ಸಾಲು ಅರ್ಧಕ್ಕೆ ಬಿಟ್ಟು ಒಂದು ಮೊಳೆಗೋಸ್ಕರ ಬೀದಿಗೆ ಓಡ್ತಾರೆ."

ಟ್ಯಾಬಿತಾ ಮತ್ತೆ ತನ್ನ ಸಾಲಿಗೆ ಕೈ ಹಾಕಿದಳು. ಅವಳು ಓಡುತ್ತಿದ್ದುದು ಜನವರಿಯಿಂದ ಮಾತ್ರ.

ಲ್ಯಾಂಬೋರ್ನ್ ನಾಟಕಶಾಲೆಯ ಬರಹಗಾರ. ಪ್ರತಿ ನಟನ ಮಾತುಗಳನ್ನು ಬೇರೆ ಬೇರೆ ಸುರುಳಿಗೆ ನಕಲು ಮಾಡುವುದು ಅವನ ಕೆಲಸ, ಮಾಸಿಕಕ್ಕೆ ಸುದ್ದಿ ಬರೆಯುವುದು ಅದರ ಜೊತೆಗೆ. ಸುದ್ದಿ ಕೊಟ್ಟ ತಕ್ಷಣ ಎದ್ದು ಹೋಗುವವನು ಇವತ್ತು ಕೂತೇ ಇದ್ದ. ಮೇ ತಿಂಗಳ ಸಂಚಿಕೆಯನ್ನು ಕೈಗೆತ್ತಿಕೊಂಡು ಹಿಂದಿನ ಹೊದಿಕೆಯನ್ನು ಮೂಗಿನವರೆಗೆ ತಂದ. ಬೆಳಕಿಗೆ ಹಿಡಿದ. ಮತ್ತೆ ಮೂಗಿಗೆ ತಂದ.

"ಮಿಸೆಸ್ ಕ್ವಿಲ್ಟರ್, ಇಲ್ಲಿ ಡೇಮನ್ ಅಂತ ಒಂದು ಸಾಲಿರಬೇಕು. ಸ್ವಲ್ಪ ಓದಿ ಹೇಳ್ತೀರಾ?"

ಅವಳು ನೋಡದೆಯೇ ಹೇಳಿದಳು. "ಡೇಮನ್ ಅವರ ಪದ್ಯ ಮುಂದಿನ ಸಂಚಿಕೆಯಲ್ಲಿ."

"ನಾಲ್ಕು ತಿಂಗಳಿಂದ ಅದೇ ಹೇಳ್ತಿದೀರಿ."

"ನಿಮ್ಮ ಸುದ್ದಿ ಉದ್ದ ಇತ್ತು. ಜಾಗ ಇರಲಿಲ್ಲ. ನಿಮಗ್ಯಾಕೆ ಡೇಮನ್ ಚಿಂತೆ?"

ಲ್ಯಾಂಬೋರ್ನ್ ಟೋಪಿಯ ಅಂಚನ್ನು ಬೆರಳಿನಿಂದ ಸುತ್ತಿದ. "ಡೇಮನ್ ಕಣ್ಣು ಹೋಗ್ತಾ ಇದೆ ತಾಯಿ. ಸೆಪ್ಟೆಂಬರ್ ಹೊತ್ತಿಗೆ ಅವನಿಗೆ ಓದಕ್ಕಾಗಲ್ಲ. ಬೇರೆಯವರು ಓದಿ ಹೇಳಿದ್ರೆ ಅದು ಅಚ್ಚಾದ ಹಂಗಲ್ಲ. ಅವನೇ ಒಂದ್ಸಲ ಓದ್ಬೇಕು."

ಸ್ಟಬ್ಸ್ ಅವನನ್ನೇ ದಿಟ್ಟಿಸಿದ. "ನೀವಾ? ಅಲ್ಲಾ ಸ್ವಾಮಿ, ನಿಮ್ಮ ಸುದ್ದೀನೇ ನಿಮ್ಮ ಪದ್ಯಾನ ಆಚೆ ದಬ್ತಾ ಇತ್ತಲ್ರೀ! ಎರಡು ಸಾಲು ಕಮ್ಮಿ ಬರೀಬಾರದಾಗಿತ್ತಾ?"

"ಯಾರನ್ನ ಬಿಡಲಿ? ಹೆಸರು ಬರದಿದ್ದ ನಟಿ ನನ್ನ ಮನೆ ಬಾಗಿಲಿಗೇ ಬರ್ತಾಳೆ." ಅವನು ಸ್ವಲ್ಪ ನಕ್ಕ. "ಈಗ ನಾಟಕಶಾಲೆಯವರೇ ನನ್ನ ಕೆಲಸದಿಂದ ಬಿಟ್ರು. ಹೋದ ವಾರ ರಾಜನ ಎರಡು ಸಾಲು ಸೇವಕನ ಸುರುಳಿಗೆ ಹೋಗಿಬಿಟ್ಟಿತ್ತು. ಆ ಪುಣ್ಯಾತ್ಮ ತಟ್ಟೆ ಹಿಡ್ಕೊಂಡು ಬಂದವನು ಫ್ರಾನ್ಸಿನ ಮೇಲೆ ಯುದ್ಧ ಸಾರಿಬಿಟ್ಟ. ಜನ ಚಪ್ಪಾಳೆ ತಟ್ಟಿದ್ರು. ಯಜಮಾನರು ತಟ್ಟಲಿಲ್ಲ."

ಸ್ಟಬ್ಸ್ ನಗಲು ಹೋಗಿ ಕೆಮ್ಮಿದ. ಓಣಿಯಲ್ಲಿ ಸಿಗಡಿ ಮಾರುವವಳ ಕೂಗು ಬಂದು ಹೋಯಿತು.

ಟ್ಯಾಬಿತಾ ಕೈಯಲ್ಲಿದ್ದ ಸಾಲನ್ನು ಕೆಳಗಿಟ್ಟಳು. ಮೂಲೆಗೆ ಹೋಗಿ ಹಾಳೆ ತೆಗೆದಳು. "ಇಲ್ಲಿ ಬನ್ನಿ," ಎಂದಳು.

ಲ್ಯಾಂಬೋರ್ನ್ ಪುಟದ ಮೇಲೆ ಬಾಗಿದ. ಸೀಸದ ಮೇಲೆ ಸೀಸ, ಅದೂ ಉಲ್ಟಾ. ಅವನಿಗೆ ಏನೂ ಕಾಣಲಿಲ್ಲ. ಕೇಳದೆಯೇ ಬೆರಳಿಟ್ಟ. ತಡೆಯಲು ಮುಂದೆ ಬಂದ ಟ್ಯಾಬಿತಾಳ ಕೈ ಮೇಜಿನ ಅಂಚನ್ನು ಹಿಡಿದುಕೊಂಡಿತು. ಬೆರಳು ಮೆಲ್ಲಗೆ ಸಾಲಿನಿಂದ ಸಾಲಿಗೆ ಇಳಿದು ಕೊನೆಯ ಸಾಲಿನಲ್ಲಿ ನಿಂತಿತು.

"ಇದೊಂದಕ್ಕೆ ಮುಖ ಇಲ್ಲ."

"ಡಬ್ಲ್ಯು ಸಾಲಲಿಲ್ಲ," ಎಂದಳು ಟ್ಯಾಬಿತಾ. "ಬೇರೆ ಯಾವುದನ್ನೋ ಕಾಲು ಮೇಲೆ ಮಾಡಿ ನಿಲ್ಲಿಸಿದಾರೆ. ಬೆಳಿಗ್ಗೆ ಹಾಕ್ತೀನಿ ಅಂದಿದ್ರು. ಬೆಳಿಗ್ಗೆ ಜ್ವರ ಇತ್ತು."

ಲ್ಯಾಂಬೋರ್ನ್ ಬೆರಳು ತೆಗೆಯಲಿಲ್ಲ. "ಯಾವ ಪದ?"

"ಕಿಟಕಿ."

"ಹೌದು. ಕಿಟಕಿ, 'ವಿಂಡೋ'. ಅದಕ್ಕೆ ಎರಡು ಡಬ್ಲ್ಯು ಬೇಕು." ಅವನು ನೆಟ್ಟಗೆ ನಿಂತ. "ನನಗೆ ಗೊತ್ತಿರಲಿಲ್ಲ ತಾಯಿ. ನೀವು ಇಟ್ಕೊಳ್ಳಿ. ನಾನು ಬೇರೆ ಕಡೆ ಕೊಡ್ತೀನಿ."

"ಬೇರೆ ಕಡೆ ಅಂದ್ರೆ ಎಷ್ಟು ತಿಂಗಳು?"

ಅವಳು ಸ್ಟಬ್ಸ್‌ನ ಕಡೆ ಕೈ ಚಾಚಿದಳು. "ಮುಳ್ಳು ಕೊಡಿ."

ಸ್ಟಬ್ಸ್ ಮೊಳೆ ಕೀಳುವ, ಮರದ ಹಿಡಿಯ ಮುಳ್ಳನ್ನು ಕೊಟ್ಟ. ಅವಳು ದಾರದ ತುದಿ ಬಿಡಿಸಿ, ಸುತ್ತುಗಳನ್ನು ಸಡಿಲಿಸಿ, ಕೊನೆಯ ಸಾಲಿನಿಂದ ಆ ಮೊಳೆಯನ್ನು ಎತ್ತಿದಳು. ಜೋಯೆಲ್ ಯಾವ ಅಕ್ಷರವನ್ನು ನಿಲ್ಲಿಸಿದ್ದಾನೆ ಎಂದು ಐದು ತಿಂಗಳು ಅವಳು ನೋಡಿರಲಿಲ್ಲ. ಈಗ ತಿರುಗಿಸಿದಳು. ದೊಡ್ಡಕ್ಷರದ 'ವಿ'. ಅಪರೂಪಕ್ಕೆ ಬೇಕಾಗುವಂಥದ್ದು, ಇಲ್ಲದಿದ್ದರೂ ಯಾರ ಕೆಲಸವೂ ನಿಲ್ಲದಂಥದ್ದು. ಅದನ್ನು ಆರಿಸಲು ಅವನು ಒಂದು ಕ್ಷಣ ಯೋಚಿಸಿರಬೇಕು. ಅವಳು ಅದನ್ನು ಅದರ ಖಾನೆಗೆ ಹಾಕಿ, ತಾನು ಆಗ ಜೋಡಿಸುತ್ತಿದ್ದ ಸಾಲಿನಿಂದಲೇ ಒಂದು ಡಬ್ಲ್ಯು ಕಿತ್ತು ತಂದಳು. ಸರಿಯಾಗಿ ಕೂತಿತು.

ಸ್ಟಬ್ಸ್ ಮಸಿ ಹಚ್ಚಿ ಕರಡು ತೆಗೆದ. ಒದ್ದೆ ಹಾಳೆಯನ್ನು ಎರಡು ಕೈಯಲ್ಲಿ ಹಿಡಿದು ಲ್ಯಾಂಬೋರ್ನ್ ಬಾಗಿಲಿನ ಬಿಸಿಲಿಗೆ ಹೋದ. ಹಾಳೆ ಮೂಗಿಗೆ ತಾಗುವಷ್ಟು ಹತ್ತಿರ. ತುಟಿ ಅಲುಗುತ್ತಿತ್ತು. ಇಪ್ಪತ್ತೆಂಟು ಸಾಲಿಗೆ ಅವನು ತೆಗೆದುಕೊಂಡ ಹೊತ್ತಿನಲ್ಲಿ ಸ್ಟಬ್ಸ್ ಒಂದು ಲೋಟ ಬಿಯರ್ ಮುಗಿಸಿದ.

ತಿರುಗಿದಾಗ ಲ್ಯಾಂಬೋರ್ನನ ಮೂಗಿನ ತುದಿ ಕಪ್ಪಾಗಿತ್ತು. "ಮೂರನೇ ಸಾಲು ಕೆಟ್ಟದಾಗಿದೆ," ಎಂದ.

"ಈಗ ಹೇಳ್ತೀರಾ?" ಎಂದ ಸ್ಟಬ್ಸ್.

"ಅಚ್ಚಾಗೋವರೆಗೂ ಗೊತ್ತಾಗಲಿಲ್ಲ." ಹಾಳೆಯನ್ನು ಮಡಿಸಲು ಹೋಗಿ, ಮಸಿ ಒದ್ದೆಯಿರುವುದು ನೆನಪಾಗಿ, ಹಾಗೇ ಬಿಚ್ಚಿ ಹಿಡಿದುಕೊಂಡ. "ಆದ್ರೂ ಚೆನ್ನಾಗಿ ಜೋಡಿಸಿದಾರೆ ನಿಮ್ಮನೆಯವರು. ಪ್ರತಿ ಅಲ್ಪವಿರಾಮ ಆದ್ಮೇಲೂ ಒಂದು ಕೂದಲೆಳೆ ಜಾಗ ಬಿಟ್ಟಿದಾರೆ. ಉಸಿರು ತಗೊಳ್ಳೋಕೆ ಆಗತ್ತೆ."

"ಅದು ಅವರ ಅಭ್ಯಾಸ," ಎಂದಳು ಟ್ಯಾಬಿತಾ. ಐದು ತಿಂಗಳಲ್ಲಿ ಅದನ್ನು ಯಾರೂ ಹೇಳಿರಲಿಲ್ಲ.

ಅವನು ಹಾಳೆಯನ್ನು ಮುಂದೆ ಹಿಡಿದುಕೊಂಡೇ ಓಣಿಗಿಳಿದ. ಎದುರು ಬಂದವರು ಪಕ್ಕಕ್ಕೆ ಸರಿದರು.

ಜೂನ್ ಸಂಚಿಕೆ ಶುಕ್ರವಾರ ಹೊರಗೆ ಹೋಯಿತು. ಶನಿವಾರ ಬೆಳಿಗ್ಗೆ ಮಸಿ ತೊಳೆದಿಟ್ಟ ಪುಟಗಳನ್ನು ಬಿಚ್ಚಲು ಸ್ಟಬ್ಸ್ ಅಂಗಿಯ ತೋಳು ಮಡಚಿ ಬಂದ. ಪದ್ಯದ ಪುಟ ಅವನಿಗೆ ಕಾಣಲಿಲ್ಲ. ಅದು ಆಗಲೇ ಟ್ಯಾಬಿತಾಳ ಎಡಗೈಯಲ್ಲಿತ್ತು. ನಾಲ್ಕು ನಾಲ್ಕು ಸಾಲು ಎತ್ತಿಕೊಂಡು, ಒಂದು ಪದ ಓದಿ, ಬೆರಳುಗಳ ನಡುವೆ ಉಜ್ಜಿ, ಅಕ್ಷರಗಳನ್ನು ಖಾನೆಗಳಿಗೆ ಬಿಡುತ್ತಿದ್ದಳು. ಟಿಕ್, ಟಿಕ್, ಟಿಕ್. ಅಲ್ಪವಿರಾಮದ ಪಕ್ಕ ಜಾಗಕ್ಕೆಂದು ಇಟ್ಟ ತೆಳ್ಳನೆಯ ಸೀಸದ ಚೂರುಗಳು ಬೆರಳಿಗೆ ಅಂಟುತ್ತಿದ್ದವು. ಅವನ್ನು ಒಂದೊಂದಾಗಿ ಬಿಡಿಸಿ ಹಾಕಿದಳು. ಹನ್ನೊಂದರ ಹೊತ್ತಿಗೆ ಕಲ್ಲಿನ ಮೂಲೆ ಬರಿದಾಯಿತು. ಅಲ್ಲಿ ಮಾತ್ರ ಕಲ್ಲಿನ ಬಣ್ಣ ತಿಳಿಯಾಗಿತ್ತು.

ಆಮೇಲೆ ಜುಲೈ ಸಂಚಿಕೆಯ ಹೊದಿಕೆ ಶುರುಮಾಡಿದಳು. ಕ್ಲೋರಿಸ್‌ಗೆ ಉತ್ತರ, ರೈತನಿಗೆ ಉತ್ತರ. ಮೂರನೆಯ ಸಾಲಿನ ನಡುವೆ 'ಕೆ' ಅಕ್ಷರ ಮುಗಿಯಿತು. ಇನ್ನೊಂದು ಖಾನೆ ತಡಕಿದಳು. ಅಲ್ಲೂ ಇರಲಿಲ್ಲ.

"ಊಟ ಆರತ್ತೆ ಅಮ್ಮಾವ್ರೇ," ನೆಲಮಾಳಿಗೆಯ ಅಡುಗೆಮನೆಯಿಂದ ಸ್ಟಬ್ಸ್ ಕೂಗಿದ. "ಪಕ್ಕದ ಅಂಗಡಿಗೆ ಈಗ ಹೋಗ್ಬೇಡಿ. ಅವನೂ ಊಟಕ್ಕೆ ಕೂತಿರ್ತಾನೆ."

ಬಾಗಿಲ ಕಡೆ ಹೊರಟಿದ್ದ ಟ್ಯಾಬಿತಾ ಖಾನೆಗಳ ಹತ್ತಿರ ಹಿಂದಕ್ಕೆ ಬಂದಳು. ಅಷ್ಟೇ ದಪ್ಪದ ಇನ್ನೊಂದು ಮೊಳೆ ಆರಿಸಿ, ಕಾಲು ಮೇಲೆ ಮಾಡಿ ಸಾಲಿನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡು ಮೆಟ್ಟಿಲಿಳಿದಳು.