ಅಂಗೈ ಅಗಲದ ಬೀಗ

ನರ್ಸಮ್ಮ ಬಾಟಲಿ ಎತ್ತಿ ನೋಡಿದಳು. ಬೆಳಿಗ್ಗೆ ಮನೆಯಿಂದ ತುಂಬಿಸಿ ತಂದ ನೀರು ಮಧ್ಯಾಹ್ನವಾದರೂ ಕತ್ತಿನವರೆಗೆ ಹಾಗೇ ಇತ್ತು. ಬಾಟಲಿಯ ಒಡತಿ, ಇಡೀ ಶಾಲೆ ಕಡ್ಡಿ ಎಂದು ಕರೆಯುವ ಐದನೇ ಕ್ಲಾಸಿನ ಹುಡುಗಿ, ಜ್ವರದಲ್ಲಿ ನರ್ಸಮ್ಮನ ಕೋಣೆಯ ಮಂಚದ ಮೇಲೆ ಮುದುಡಿ ಮಲಗಿದ್ದಳು. ಕೆಳಹೊಟ್ಟೆ ಮುಟ್ಟಿದರೆ ಮುಖ ಕಿವುಚುತ್ತಿದ್ದಳು.

"ಯಾಕೆ ಕುಡಿದಿಲ್ಲ?"

"ಕುಡಿದ್ರೆ ಒಂದಕ್ಕೆ ಬರತ್ತಲ್ಲ ನರ್ಸಮ್ಮ."

ಬಂದರೆ ಹೋಗುವುದೆಲ್ಲಿಗೆ? ಅಂಗಳದ ಆಚೆ ಬಿಳಿ ಟೈಲ್ಸ್ ಹಾಕಿದ ಹೊಸ ಶೌಚಾಲಯವೇನೋ ಇತ್ತು. ಅದರ ಬಾಗಿಲಿಗೆ ಅಂಗೈ ಅಗಲದ ಬೀಗವೂ ಇತ್ತು. ಕಟ್ಟಿದ ಹೊಸದರಲ್ಲೇ ಯಾರೋ ನಲ್ಲಿ ಮುರಿದರೆಂದು ಹೆಡ್ ಮೇಷ್ಟ್ರು ಹಾಕಿಸಿದ್ದು. ನಲ್ಲಿ ರಿಪೇರಿಯಾಯಿತು, ಬೀಗ ಇಳಿಯಲಿಲ್ಲ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ. ಮೇಲಿನವರು ಶಾಲೆ ನೋಡಲು ಬಂದ ದಿನ ಮಾತ್ರ ತೆರೆದು, ಫಿನಾಯಿಲ್ ಹಾಕಿ ತೋರಿಸುತ್ತಿದ್ದರು. ಬಂದವರು ಮೆಚ್ಚಿ ತಲೆಯಾಡಿಸಿ ಹೋಗುತ್ತಿದ್ದರು. ಗಂಡು ಹುಡುಗರಿಗೆ ಹಿಂದಿನ ಗೋಡೆ ಇತ್ತು. ಹುಡುಗಿಯರು ಸಂಜೆಯವರೆಗೆ ತಡೆದುಕೊಳ್ಳುವುದನ್ನು ಮಗ್ಗಿಗಿಂತ ಚೆನ್ನಾಗಿ ಕಲಿತಿದ್ದರು.

ನರ್ಸಮ್ಮ ಹೇಳದೆ ಬಿಟ್ಟವಳಲ್ಲ. ಆದರೆ ಹೆಡ್ ಮೇಷ್ಟ್ರಿಗೆ ಹೇಳುವುದೆಂದರೆ ಕಲ್ಲಿನ ಮೇಲೆ ನೀರು ಸುರಿದಂತೆ. ಔಷಧಿ ಬೀರುವಿಗೊಂದು ಬೀಗ ಕೊಡಿಸಿ ಎಂದು ಕೇಳಿ ಕೇಳಿ ಸುಸ್ತಾಗಿ, ಅದರ ಬಾಗಿಲನ್ನು ಬ್ಯಾಂಡೇಜ್ ಬಟ್ಟೆಯಿಂದ ಕಟ್ಟಿಟ್ಟಿದ್ದಳು. ಶೌಚಾಲಯದ ಮಾತೆತ್ತಿದಾಗ ಅವರು, "ನಿಮ್ಮ ಕೆಲಸ ಮಾತ್ರೆ ಕೊಡೋದು, ಅದನ್ನ ಮಾಡಿ" ಎಂದಿದ್ದರು.

ಕಡ್ಡಿಯ ಅಮ್ಮ ಬಟ್ಟೆ ಕಾರ್ಖಾನೆಯಿಂದ ಓಡಿ ಬಂದಳು. ಹೊಲಿಗೆ ದಾರದ ಎಳೆಗಳು ತಲೆಗೂದಲಿಗೆ ಅಂಟಿಕೊಂಡಿದ್ದವು. ಈ ವರ್ಷ ಇದು ಮೂರನೇ ಸಲ, ಹೀಗೇ ಆದರೆ ಕಿಡ್ನಿಗೆ ಪೆಟ್ಟು ಎಂದು ಡಾಕ್ಟರು ಎಚ್ಚರಿಸಿದ್ದಾರೆ ಎಂದು ಒಂದೇ ಉಸಿರಿಗೆ ಹೇಳಿದಳು. ಮಗಳನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಳು.

"ಇನ್ನೊಂದ್ಸಲ ಹಿಂಗಾದ್ರೆ ಸ್ಕೂಲೇ ಬಿಡಿಸ್ತೀನಿ ಅಕ್ಕ. ಓದು ಇಲ್ದಿದ್ರೂ ಪರವಾಗಿಲ್ಲ, ನನ್ ಮಗಳು ನನಗೆ ಇರಲಿ."

ನರ್ಸಮ್ಮನಿಗೆ ಮೊದಲು ನಾಚಿಕೆಯಾಯಿತು, ಆಮೇಲೆ ಸಿಟ್ಟು ಬಂತು. ಮೂಗಿನ ತುದಿಯ ಸಿಟ್ಟಲ್ಲ, ರಾತ್ರಿ ಮಲಗೆದ್ದರೂ ಇಳಿಯದ ಸಿಟ್ಟು.

ಸೋಮವಾರ ಪ್ರಾರ್ಥನೆಯಾದ ಮೇಲೆ ಉಗುರು, ಹಲ್ಲು, ಹೇನು ಎಂದು ಮಕ್ಕಳಿಗೆ ನಾಲ್ಕು ಮಾತು ಹೇಳುವುದು ಅವಳ ವಾಡಿಕೆ. ಕಡ್ಡಿ ಹುಷಾರಾಗಿ ಶಾಲೆಗೆ ಬಂದ ಸೋಮವಾರ ಅವಳು ಉಗುರಿನ ಸುದ್ದಿಗೇ ಹೋಗಲಿಲ್ಲ. ಎಲ್ಲರ ಮುಂದೆ ತನ್ನ ಬಾಟಲಿಯನ್ನು ಗಟಗಟ ಖಾಲಿ ಮಾಡಿದಳು.

"ಈಗ ನೀವು ಕುಡೀರಿ. ಬಂದಾಗ ತಡ್ಕೋಬೇಡಿ. ಕ್ಲಾಸಿಂದ ಎದ್ದು ನನ್ನ ಹತ್ರ ಬನ್ನಿ."

ಹುಡುಗಿಯರು ಮುಖ ಮುಖ ನೋಡಿಕೊಂಡರು. ಮೊದಲು ಮುಚ್ಚಳ ತಿರುಗಿಸಿದವಳು ಕಡ್ಡಿ.

ಎರಡನೇ ಪೀರಿಯಡ್ ಹೊತ್ತಿಗೆ ಹೆಡ್ ಮೇಷ್ಟ್ರ ಕೋಣೆಯ ಪಕ್ಕದ ಸ್ಟಾಫ್ ಟಾಯ್ಲೆಟ್ ಮುಂದೆ ಸಾಲು ಹುಟ್ಟಿತು. ಟೀಚರುಗಳು ಯಾರನ್ನೂ ತಡೆಯಲಿಲ್ಲ. ನರ್ಸಮ್ಮ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ಒಳಗೆ ಬಿಟ್ಟಳು. ಸಾಲು ನೋಟೀಸ್ ಬೋರ್ಡ್ ದಾಟಿ, ಮೆಟ್ಟಿಲಿಳಿದು, ಅಂಗಳದವರೆಗೆ ಬೆಳೆಯಿತು. ಕೆಲವರು ಕಾಲು ಕುಣಿಸುತ್ತಿದ್ದರು, ಕೆಲವರು ಕಿಸಕ್ಕನೆ ನಗುತ್ತಿದ್ದರು.

ಎರಡು ಲೋಟ ಚಹಾ ಕುಡಿದಿದ್ದ ಹೆಡ್ ಮೇಷ್ಟ್ರು ಹೊರಬಂದು, ಇದೇನು ಸಂತೆ ಎಂದು ಗುಡುಗಿದರು. ಯಾರೂ ಕದಲಲಿಲ್ಲ. ಕದಲುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಮೇಲಕ್ಕೆ ಬರೆದು ಕೆಲಸದಿಂದ ತೆಗೆಸುತ್ತೇನೆ ಎಂದು ಅವರು ನರ್ಸಮ್ಮನತ್ತ ತಿರುಗಿದರು. ಅವಳು ಮುಂದಿನ ಹುಡುಗಿಯನ್ನು ಒಳಗೆ ಬಿಟ್ಟು ಬಾಗಿಲೆಳೆದಳು.

"ಬರೀರಿ ಸರ್. ಯಾಕೆ ಅಂತಾನೂ ಬರೀರಿ. ಮಕ್ಕಳನ್ನ ಒಂದಕ್ಕೆ ಹೋಗೋಕೆ ಬಿಟ್ಟಳು, ಅದಕ್ಕೇ ತೆಗೆದುಹಾಕಿ ಅಂತ ಬರೀರಿ. ಈಗ ನಿಮಗೂ ಹೋಗ್ಬೇಕಿದ್ರೆ ಸಾಲಿನ ಕೊನೆ ಅಲ್ಲಿದೆ."

ಹೆಡ್ ಮೇಷ್ಟ್ರು ಸಾಲಿನ ಕೊನೆ ನೋಡಿದರು. ಬಹಳ ದೂರವಿತ್ತು. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದರು. ಸಾಲಿನ ನಡುವಿನಿಂದ ಕಡ್ಡಿ ನಿಜವಾದ ಕನಿಕರದಿಂದ ಹೇಳಿದಳು:

"ತಡ್ಕೊಂಡ್ರೆ ಜ್ವರ ಬರತ್ತೆ ಸರ್."

ಇನ್ನೂ ಸ್ವಲ್ಪ ಹೊತ್ತು ಅವರು ಹಲ್ಲು ಕಚ್ಚಿ ನಿಂತರು. ಆಮೇಲೆ ಜೇಬಿನಿಂದ ಹೊಸ ಶೌಚಾಲಯದ ಬೀಗದಕೈ ತೆಗೆದು ಜವಾನನ ಕೈಗೆ ತುರುಕಿದರು. ಸಾಲು ಒಡೆದು ಅಂಗಳದಾಚೆ ಓಡಿತು.

ಸಂಜೆ ಜವಾನ ನರ್ಸಮ್ಮನ ಕೋಣೆಗೆ ಬಂದ. ಶೌಚಾಲಯಕ್ಕೆ ಮತ್ತೆ ಬೀಗ ಜಡಿಯಬೇಕೆಂದು ಸಾಹೇಬರ ಅಪ್ಪಣೆಯಂತೆ, ಆದರೆ ಚಿಲಕದಲ್ಲಿ ನೇತುಹಾಕಿದ್ದ ಬೀಗವೇ ಕಾಣುತ್ತಿಲ್ಲವಂತೆ. ನರ್ಸಮ್ಮ ಹಳೆಯ ಬ್ಯಾಂಡೇಜ್ ಬಟ್ಟೆಯನ್ನು ಸುತ್ತಿಡುತ್ತಿದ್ದಳು. ಅವಳ ಬೆನ್ನ ಹಿಂದೆ, ಔಷಧಿ ಬೀರುವಿನ ಬಾಗಿಲಲ್ಲಿ, ಅಂಗೈ ಅಗಲದ ಬೀಗ ನೇತಾಡುತ್ತಿತ್ತು.

"ಬೀರುಗೊಂದು ಬೀಗ ಕೇಳಿದ್ನಲ್ಲ, ಸಿಕ್ತು ಅಂತ ಹೇಳಪ್ಪ."

ಜವಾನ ಬೀಗ ನೋಡಿದ, ಅವಳ ಮುಖ ನೋಡಿದ. ಜೇಬಿನಿಂದ ಬೀಗದಕೈ ತೆಗೆದು ಮೇಜಿನ ಮೇಲಿಟ್ಟು ಹೊರಟುಹೋದ. ಹೊರಗೆ ನಲ್ಲಿಯ ಹತ್ತಿರ ಕಡ್ಡಿ ಖಾಲಿ ಬಾಟಲಿಗೆ ನೀರು ತುಂಬಿಸಿಕೊಳ್ಳುತ್ತಿದ್ದಳು.