ಗೋಡೆಯ ಈಚೆ

ಗುಂಡಿ ತೋಡುವವನು ಗುದ್ದಲಿ ಪಕ್ಕಕ್ಕಿಟ್ಟು ಬೆವರು ಒರೆಸಿಕೊಂಡ.

"ಅಮ್ಮ, ಇದು ಯಾರೂ ಮುಟ್ಟಿರದ ನೆಲ. ಒಂದು ಸಲ ಅಗೆದ ಮಣ್ಣು ಹೀಗೆ ಗಟ್ಟಿ ಇರಲ್ಲ."

"ಈ ಗೋಡೆ ಬುಡದಲ್ಲೇ ನನ್ನ ಮಗ ಇದಾನೆ," ಎಂದಳು ಸತ್ತವನ ಹೆಂಡತಿ. "ಅಪ್ಪನ್ನ ಅವನ ಪಕ್ಕದಲ್ಲೇ ಮಲಗಿಸ್ಬೇಕು. ಆಚೆ ಈಚೆ ನೋಡು."

ಅವನು ಮೂರು ಕಡೆ ಕೆದಕಿದ. ಸ್ಮಶಾನದ ಗೋಡೆಯ ಆಚೆ ಹೆದ್ದಾರಿ. ಲಾರಿ ಹೋದಾಗಲೆಲ್ಲ ಬಾಗಿಲು ತೆರೆದು ನಿಂತಿದ್ದ ವ್ಯಾನಿನೊಳಗೆ ಹೆಣದ ಮೇಲಿನ ಬಿಳಿ ಬಟ್ಟೆ ಅಲುಗುತ್ತಿತ್ತು.

ಸತ್ತವನಿಗೆ ರಸ್ತೆ ಕೆಲಸದಲ್ಲಿ ಜೊತೆಗಾರನಾಗಿದ್ದ ಮುದಿ ಮೇಸ್ತ್ರಿ ನೆರಳಲ್ಲಿ ಕೂತು ಮಗಳನ್ನು ಮಾತಿಗೆಳೆದಿದ್ದ. "ರೋಡ್ ರೋಲರ್ ಓಡಿಸಿದವನು ನಿಮ್ಮಪ್ಪ. ಬದುಕೆಲ್ಲ ಆಮೆ ನಡಿಗೆ. ಇವತ್ತು ನೋಡು, ನಮ್ಮನ್ನೆಲ್ಲ ಹಿಂದೆ ಹಾಕ್ಬಿಟ್ಟ."

ಮಗಳು ನಕ್ಕಳು. ಆಮೇಲೆ ಕರವಸ್ತ್ರ ಬಾಯಿಗೊತ್ತಿಕೊಂಡಳು.

*

ಹೆದ್ದಾರಿ ಹಾಕುವಾಗ ಮಗಳಿನ್ನೂ ಹುಟ್ಟಿರಲಿಲ್ಲ. ಅದು ನೇರ ಹೋಗಬೇಕಿತ್ತು. ಮರದ ಮಿಲ್ಲೊಂದು ಅಡ್ಡ ಬಂತು. ಮಿಲ್ಲಿನ ಮಾಲೀಕ ಯಾರು ಯಾರನ್ನೋ ಕಂಡುಬಂದ ಮೇಲೆ ಗುರುತಿನ ಕಲ್ಲುಗಳು ಜಾಗ ಬದಲಿಸಿದವು, ರಸ್ತೆ ಸ್ಮಶಾನದೊಳಕ್ಕೆ ಬಾಗಿತು. ಹಿಂದಿನ ವರ್ಷ ಜ್ವರದಲ್ಲಿ ಹೋದ ಗಂಡುಮಗು ಅಲ್ಲೇ ಮಣ್ಣಾಗಿತ್ತು. ಗಂಡ ಮಗುವನ್ನು ಹೂತ ಜಾಗವನ್ನು ಅದೇ ಜ್ವರದಲ್ಲಿ ಮಲಗಿದ್ದ ತಾಯಿ ಕಂಡಿರಲಿಲ್ಲ.

ಒಂದು ರಾತ್ರಿ ಗಂಡ ತಡವಾಗಿ ಬಂದು ಬಚ್ಚಲಲ್ಲಿ ಬಹಳ ಹೊತ್ತು ಕಾಲು ತೊಳೆದ.

"ರಸ್ತೆ ಪಕ್ಕಕ್ಕೆ ಸರಿದು ಹೋಯ್ತು. ಗೋಡೆ ಕಟ್ತಾರೆ, ಮಗು ಅದರ ಈಚೆಗೇ ಇರುತ್ತೆ," ಎಂದ. ಊಟ ಬೇಡವೆಂದ. ದಣಿವು ಅಂದುಕೊಂಡಳು.

ಗೋಡೆ ಎದ್ದ ಮೇಲೆ ಅವನೇ ಕರೆದೊಯ್ದು ಜಾಗ ತೋರಿಸಿದ. ಅಂದಿನಿಂದ ಅವಳು ಬಂದು ಕೂರುತ್ತಿದ್ದುದು ಅಲ್ಲೇ. ಅವನು ಮತ್ತೆಂದೂ ಜೊತೆಗೆ ಬರಲಿಲ್ಲ. ಕ್ರಮೇಣ ಅವಳು ಕರೆಯುವುದನ್ನೂ ಬಿಟ್ಟಳು.

*

"ರಸ್ತೆ ಎಲ್ಲ ಕಡೆ ಕಿತ್ತುಹೋಗಿದೆ," ಮೇಸ್ತ್ರಿ ಹೇಳುತ್ತಿದ್ದ. "ಈ ಗೋಡೆ ಎದುರಿನ ತುಂಡು ಮಾತ್ರ ಇವತ್ತಿಗೂ ಬಿರುಕು ಬಿಟ್ಟಿಲ್ಲ. ಅವತ್ತು ನಿಮ್ಮಪ್ಪಂಗೆ ಬೇರೆ ಡ್ರೈವರನ್ನ ಕಳಿಸ್ತೀನಿ ಅಂದೆ. 'ಬೇಡ, ಇದು ನಂದು' ಅಂದ. ಕೆಳಗಿಳಿದು ಸುಮ್ನೆ ನಿಂತಿದ್ದ. ಆಮೇಲೆ ಕತ್ತಲಾಗೋವರೆಗೂ ಅದರ ಮೇಲೇ ಹಿಂದೆ ಮುಂದೆ, ಹಿಂದೆ ಮುಂದೆ. ಅಂಥಾ ಕೆಲಸಗಾರ."

ಹೆಂಡತಿ ತಿರುಗಿದಳು. "ಎಲ್ಲಿ ಮೇಸ್ತ್ರಿ?"

ಅವನು ನಗುತ್ತಲೇ ಬೆರಳು ಚಾಚಿದ. ಅವಳ ಮುಖ ಕಂಡದ್ದೇ ಬೆರಳು ಮಡಚಿಕೊಂಡ.

"ನಂಗೆ ಗೊತ್ತಿರ್ಲಿಲ್ಲ ಅತ್ತಿಗೆ."

ಗುಂಡಿ ತೋಡುವವನು ಗುದ್ದಲಿ ಎತ್ತಿಕೊಂಡು ಕೇಳಿದ. "ಇಲ್ಲೇ ಅಗೀಲಾ ಅಮ್ಮ?"

"ಅಗಿ. ಅವರು ತೋರಿಸಿದ ಜಾಗ. ಅವರೇ ಮಲಗ್ಲಿ."

ಅವಳು ಗೇಟು ದಾಟಿ ಹೊರಟಳು. ಮಗಳು ಹಿಂದೆಯೇ ಓಡಿದಳು. "ಅಮ್ಮ, ಗಾಡಿ ಬರ್ತಿದಾವೆ. ನಿಂತ್ಕೋ."

ರಸ್ತೆಯಂಚಿನಲ್ಲಿ ತಾಯಿ ನಿಂತಳು. ಟಾರು ಬಿಸಿಲಿಗೆ ಮಟ್ಟಸವಾಗಿ ಹೊಳೆಯುತ್ತಿತ್ತು. ಲಾರಿಯೊಂದು ಒಂದಿಷ್ಟೂ ಕುಲುಕದೆ ಅದರ ಮೇಲೆ ಹಾದುಹೋಯಿತು. ಅವಳು ಬಗ್ಗಿ ಒಂದೊಂದಾಗಿ ಚಪ್ಪಲಿ ಬಿಚ್ಚಿದಳು.