ಫ್ಲಾವಿಯಾಳಿಗೆ ಹೇಳಿದ ಮಾತು

ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿದವಳು ನಾನು. ಬುದ್ಧಿಗೇಡಿತನಕ್ಕೆ ಆ ಭಾಷೆಯಲ್ಲಿ ಎಷ್ಟು ಮಾತುಗಳಿವೆ ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಸಿಲ್ಲಿ ಎಂದರೆ ಮುದ್ದಿನ ಗದರಿಕೆ, ಹೇಳಿಸಿಕೊಂಡವರೂ ನಗಬಹುದು. ಫೂಲಿಶ್ ಎನ್ನುವುದು ಮಾಡಿದ ಕೆಲಸಕ್ಕೆ, ನಾಳೆ ತಿದ್ದಿಕೊಳ್ಳಬಹುದು. ಸ್ಟುಪಿಡ್ ಮಾತ್ರ ಮನುಷ್ಯರಿಗೇ ಬೀಳುವ ಪೆಟ್ಟು. ಅದನ್ನು ಯಾರಿಗೂ ಹೇಳಬೇಡಿ ಎನ್ನುತ್ತಿದ್ದೆ. ಮಕ್ಕಳು ಶ್ರದ್ಧೆಯಿಂದ ಬರೆದುಕೊಳ್ಳುತ್ತಿದ್ದರು.

ಅದನ್ನೇ ನಾನು ಫ್ಲಾವಿಯಾಳಿಗೆ ಹೇಳಿದೆ.

ಅವಳು ಅದೇ ಕಾಲೇಜಿನಲ್ಲಿ ಗಣಿತದವಳು. ನಾನು ಮದುವೆಯಾಗಲಿಲ್ಲ, ಅವಳ ಗಂಡ ಬೇಗ ತೀರಿಕೊಂಡ. ನಿವೃತ್ತಿಯ ಮೇಲೂ ಪ್ರತಿ ಭಾನುವಾರ ಸಂಜೆ ಉರ್ವದ ನನ್ನ ಫ್ಲ್ಯಾಟಿಗೆ ಬಂದು, ಚಾ ಕುಡಿದು, ಊರವರನ್ನೆಲ್ಲ ಆಡಿಕೊಂಡು ಹೋಗುತ್ತಿದ್ದಳು. ಜುಲೈಯ ಒಂದು ಭಾನುವಾರ, "ಊರ್ಮಿಳಾ, ನಾನು ಕೆವಿನ್‌ನನ್ನು ಮದುವೆ ಆಗ್ತೇನೆ. ಸಾಕ್ಷಿಗೆ ನೀನೇ ಸೈನ್ ಹಾಕ್ಬೇಕು" ಎಂದಳು. ಕೆವಿನ್ ಅವಳ ಚರ್ಚಿನಲ್ಲಿ ಹಾಡುವ ವಿಧುರ. ಅವಳಿಗೆ ಆಗ ಅರವತ್ತೆರಡು.

"ಡೋಂಟ್ ಬಿ ಸ್ಟುಪಿಡ್" ಎಂದೆ. ಅವಳು ಚಾ ಅರ್ಧಕ್ಕೇ ಬಿಟ್ಟು ಎದ್ದು ಹೋದಳು.

ಆಮೇಲೆ ಭಾನುವಾರಗಳು ಬಂದವು, ಅವಳು ಬರಲಿಲ್ಲ. ಲಿಫ್ಟ್ ರಿಪೇರಿಗೆ ಬಂದವನನ್ನು ಕೂರಿಸಿ ಅವನ ಊರು, ಮನೆ, ಮಕ್ಕಳ ಸುದ್ದಿ ಕೇಳಿದ್ದೇನೆ, ಅಷ್ಟು ಬೇಸರ. ಕ್ಷಮೆ ಕೇಳೋಣವೆಂದು ಮೊಬೈಲ್ ಹಿಡಿದರೆ ನನ್ನೊಳಗಿನ ಟೀಚರ್ ಬಿಡಬೇಕಲ್ಲ! ನನ್ನದು ಸಿಲ್ಲಿ ಮಾತು ಎಂದು ಬರೆದರೆ ನುಣುಚಿಕೊಂಡಂತೆ. ಅನ್‌ವೈಸ್ ಎಂದು ಬರೆದರೆ ಪ್ರಿನ್ಸಿಪಾಲರ ಮೆಮೋದಂತೆ. ಬರೆದು, ಅಳಿಸಿ, ಬರೆದು ನವೆಂಬರ್ ಬಂತು.

ಕೊನೆಗೆ ಬಸ್ಸು ಹತ್ತಿ ಪಂಪ್‌ವೆಲ್ ಹತ್ತಿರದ ಅವಳ ಮನೆಗೆ ಹೋದೆ. ಬಾಗಿಲು ತೆರೆದವರು ಕೆವಿನ್. ಲುಂಗಿ, ಬನಿಯನ್, ಕೈಯಲ್ಲಿ ಅರ್ಧ ಸುಲಿದ ಬೆಳ್ಳುಳ್ಳಿ. ಮದುವೆ ಆಗಿಹೋಗಿದೆ ಎಂದು ಯಾರೂ ಹೇಳಬೇಕಾಗಲಿಲ್ಲ.

ಫ್ಲಾವಿಯಾ ಹೊರಗೆ ಬಂದಳು, ಬಾಗಿಲಲ್ಲೇ ನಿಂತಳು. ಬಸ್ಸಿನಲ್ಲಿ ಉರು ಹೊಡೆದ ಇಂಗ್ಲಿಷ್ ಒಂದೂ ಬಾಯಿಗೆ ಬರಲಿಲ್ಲ.

"ನೀನೂ ಹೋದ್ರೆ ನಂಗೆ ಯಾರೂ ಇಲ್ಲ ಅಂತ ಹೆದರಿಕೆ ಆಯ್ತು" ಎಂದೆ. "ಅದಕ್ಕೆ ಹಾಗೆ ಹೇಳಿದ್ದು. ಬೇರೆ ಎಂತದ್ದೂ ಅಲ್ಲ."

ಅವಳು ನನ್ನ ಮುಖವನ್ನೇ ನೋಡಿದಳು. ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

"ಅದು ನಂಗೆ ಅವತ್ತೇ ಗೊತ್ತಾಗಿದೆ ಮಾರಾಯ್ತಿ. ನೀನು ಬಂದು ಹೇಳ್ತೀ ಅಂತ ಎರಡು ಸಲ ಮದುವೆ ಡೇಟ್ ಮುಂದೆ ಹಾಕಿದೆ. ಮೂರನೇ ಸಲ ಕೆವಿನ್ ಹತ್ರ ಎಂತ ಅಂತ ಹೇಳುದು?"